ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು

ಹಿಂದಿನ ಕಾಲದ ಬಡಗಿ ಮರಕ್ಕೆ ರಂಧ್ರ ಕೊರೆಯುತ್ತಿದ್ದುದು ಬೈರಿಗೆಯಿಂದ. ಅದರ ದಿಂಡಿಗೆ ಹಗ್ಗ ಸುತ್ತಿ, ಹಗ್ಗದ ತುದಿಗಳನ್ನು ಬಿಲ್ಲಿನಂಥ ಕೋಲಿಗೆ ಕಟ್ಟಿ, ಹಿಂದಕ್ಕೂ ಮುಂದಕ್ಕೂ ಎಳೆದರೆ ಮೊನೆ ಗಿರಗಿರನೆ ತಿರುಗಿ ಮರದೊಳಕ್ಕೆ ಇಳಿಯುತ್ತಿತ್ತು. ಶಕ್ತಿಯೆಲ್ಲ ತೋಳಿನದು. ಇಂದು ಅಂಗೈಯಲ್ಲಿ ಅಡಗುವ ವಿದ್ಯುದ್ಯಂತ್ರವೊಂದು ಅದೇ ಕೆಲಸವನ್ನು ನಿಮಿಷಕ್ಕೆ 30,000 ಸುತ್ತುಗಳ ವೇಗದಲ್ಲಿ ಮಾಡಬಲ್ಲುದು. ಅಂಗಡಿಗಳಲ್ಲಿ ಇದರ ಹೆಸರು ‘ರೋಟರಿ ಟೂಲ್’.

ಈ ಯಂತ್ರದ ಹಿರಿಯಣ್ಣನೆಂದರೆ ದಂತವೈದ್ಯರ ಕೊರೆಯುವ ಯಂತ್ರ. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಕಾಲಿನಿಂದ ತುಳಿದು ನಡೆಸುವ ಯಂತ್ರವನ್ನು ರಚಿಸಿದನು. 1875ರಲ್ಲಿ ಜಾರ್ಜ್ ಗ್ರೀನ್ ಅದಕ್ಕೆ ವಿದ್ಯುತ್ತನ್ನು ಜೋಡಿಸಿದನು. 1932ರಲ್ಲಿ ಆಲ್ಬರ್ಟ್ ಡ್ರೆಮೆಲ್ ಸ್ಥಾಪಿಸಿದ ಸಂಸ್ಥೆಯ ಮೂಲಕ ಇಂಥ ಕೈಯಂತ್ರ ಮನೆಮನೆಯ ಹವ್ಯಾಸಿಗಳನ್ನು ತಲುಪಿತು.

ಇಷ್ಟು ವೇಗ ಎಲ್ಲಿಂದ?

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಯ ನೀರಿನಿಂದ ಹುಟ್ಟುವ ವಿದ್ಯುತ್ತಾಗಲಿ, ಬೇರೆಡೆಯಿಂದ ಬರುವುದಾಗಲಿ, ನಮ್ಮ ಮನೆಗಳಲ್ಲಿ ಅದರ ಪ್ರವಾಹ ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತದೆ. ನೀರೆತ್ತುವ ಪಂಪಿನಲ್ಲಿರುವ ಇಂಡಕ್ಷನ್ ಮೋಟಾರು ಈ ಆವರ್ತಕ್ಕೆ ಕಟ್ಟುಬಿದ್ದುದು. ಆದುದರಿಂದ ಅದು ನಿಮಿಷಕ್ಕೆ 3,000 ಸುತ್ತುಗಳನ್ನು ಮೀರಲಾರದು. ರೋಟರಿ ಯಂತ್ರದಲ್ಲಿರುವುದಾದರೋ ಅಡುಗೆಮನೆಯ ಮಿಕ್ಸಿಯಲ್ಲಿರುವಂಥ ‘ಯೂನಿವರ್ಸಲ್’ ಮೋಟಾರು. ಇದರಲ್ಲಿ ಇಂಗಾಲದ ಬ್ರಷ್ಷುಗಳು ತಿರುಗುವ ಸುರುಳಿಗೆ ನೇರವಾಗಿ ವಿದ್ಯುತ್ತನ್ನು ಒಯ್ಯುತ್ತವೆ. ಆವರ್ತದ ಕಟ್ಟು ಇದಕ್ಕಿಲ್ಲ.

ತಿರುಗುವ ಸುರುಳಿ ತಾನೂ ಒಂದು ವಿರುದ್ಧ ವಿದ್ಯುದ್ಬಲವನ್ನು ಹುಟ್ಟಿಸಿ, ಒಳಬರುವ ಪ್ರವಾಹವನ್ನು ತಡೆಯುತ್ತಿರುತ್ತದೆ. ಯಂತ್ರವನ್ನು ಮರದ ಮೇಲೆ ಬಲವಾಗಿ ಅದುಮಿದಿರೆನ್ನಿ: ವೇಗ ಕುಗ್ಗುತ್ತದೆ, ತಡೆಯೂ ಕುಗ್ಗುತ್ತದೆ, ಪ್ರವಾಹ ಏರುತ್ತದೆ, ಸುರುಳಿ ಕಾಯುತ್ತದೆ. ಒಳಗಿನ ಬೀಸಣಿಗೆಯೂ ನಿಧಾನವಾಗುವುದರಿಂದ ತಂಪುಗಾಳಿ ಕಡಮೆ. ಮೋಟಾರು ಸುಡುವುದು ಹೀಗೆ. ಈ ಯಂತ್ರದಲ್ಲಿ ಕೊರೆಯುವುದು ವೇಗವೇ ಹೊರತು ಒತ್ತಡವಲ್ಲ. ಪೆನ್ಸಿಲಿನಂತೆ ಹಗುರವಾಗಿ ಹಿಡಿದು, ಮತ್ತೆ ಮತ್ತೆ ಸವರಬೇಕು.

ಸಜ್ಜುಗೊಳಿಸುವ ಕ್ರಮ

ಮೊದಲು ಪ್ಲಗ್ಗನ್ನು ಹೊರಗೆಳೆಯಿರಿ. ಯಂತ್ರದ ಮೂತಿಯಲ್ಲಿ ಸೀಳುಗಳುಳ್ಳ ಪುಟ್ಟ ಹಿತ್ತಾಳೆಯ ಇಲ್ಲವೆ ಉಕ್ಕಿನ ಕೊಳವೆಯಿದೆ. ಇದೇ ಕಾಲೆಟ್. 3.2 ಮಿಲಿಮೀಟರ್ ದಂಡಿಗೆ 3.2ರ ಕಾಲೆಟ್, 2.4ರ ದಂಡಿಗೆ 2.4ರದು, ಅಳತೆ ಒಪ್ಪದಿದ್ದರೆ ದಂಡು ಜಾರುತ್ತದೆ. ದಂಡನ್ನು ತಳ ಮುಟ್ಟುವವರೆಗೆ ತೂರಿಸಿ, ಕೂದಲೆಳೆಯಷ್ಟು ಹಿಂದಕ್ಕೆಳೆದು, ಬಿಗಿಯಿರಿ. ಉದ್ದವಾಗಿ ಹೊರಚಾಚಿದ ದಂಡು ವೇಗ ಏರಿದಂತೆ ಬಾಗಿ, ಚಾಟಿಯಂತೆ ಬೀಸುತ್ತದೆ. ಅಕ್ಷವನ್ನು ತಡೆಹಿಡಿಯುವ ಗುಂಡಿಯನ್ನು ಯಂತ್ರ ತಿರುಗುವಾಗ ಮುಟ್ಟಲೇ ಕೂಡದು. ಕೊನೆಗೆ, ಅತಿ ಕಡಮೆ ವೇಗದಲ್ಲಿ, ಮುಖಕ್ಕೆ ದೂರವಾಗಿ, ಅರ್ಧ ನಿಮಿಷ ಬರಿದೆ ಓಡಿಸಿ ನೋಡಿ. ನಡುಕವಿದ್ದರೆ ನಿಲ್ಲಿಸಿ, ಮತ್ತೆ ಜೋಡಿಸಿ.

ಒಂದು ಲೆಕ್ಕ

3 ಮಿಲಿಮೀಟರ್ ವ್ಯಾಸದ ಕೊರೆಮೊನೆಯ ಅಂಚು 30,000 ಸುತ್ತುಗಳಲ್ಲಿ ಸೆಕೆಂಡಿಗೆ ಸುಮಾರು 4.7 ಮೀಟರ್ ಓಡುತ್ತದೆ. ಅದೇ ವೇಗದಲ್ಲಿ 25 ಮಿಲಿಮೀಟರ್ ವ್ಯಾಸದ ಕತ್ತರಿಸುವ ಬಿಲ್ಲೆಯ ಅಂಚು ಓಡುವುದೆಷ್ಟು? ಸೆಕೆಂಡಿಗೆ 39 ಮೀಟರ್, ಎಂದರೆ ಗಂಟೆಗೆ 140 ಕಿಲೋಮೀಟರ್! ಆ ಅಂಚಿನಲ್ಲಿರುವ ಒಂದು ಗ್ರಾಂ ದ್ರವ್ಯವನ್ನು ವೃತ್ತದಲ್ಲಿ ಹಿಡಿದಿಡಲು ಹನ್ನೆರಡೂವರೆ ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕು. ಬಿಲ್ಲೆಯಲ್ಲಿ ಬಿರುಕಿದ್ದರೆ ಆ ಬಲ ಸಾಲದೆ ಚೂರು ಸ್ಪರ್ಶರೇಖೆಯ ದಿಕ್ಕಿನಲ್ಲಿ ಸಿಡಿಯುತ್ತದೆ. ಆ ರೇಖೆಯಲ್ಲಿ ನಿಮ್ಮ ಕಣ್ಣಿರಬಹುದು. ಕನ್ನಡಕದಂಥ ರಕ್ಷಾಕವಚವಿಲ್ಲದೆ ಯಂತ್ರವನ್ನು ಚಾಲೂ ಮಾಡಬಾರದೆಂಬ ನಿಯಮ ಈ ಲೆಕ್ಕದಿಂದ ಹುಟ್ಟಿದುದು. ಪ್ರತಿ ಬಿಲ್ಲೆಗೂ ಅದು ತಾಳಬಲ್ಲ ಗರಿಷ್ಠ ವೇಗವೊಂದಿರುತ್ತದೆ; ಅದನ್ನು ಮೀರಕೂಡದು.

ಗೆರಟೆಯ ಸೌಟು

ಭಟ್ಕಳದಿಂದ ಕುಮಟೆಯವರೆಗೆ ತೆಂಗಿಲ್ಲದ ಹಿತ್ತಲು ಅಪರೂಪ. ಆದುದರಿಂದ ಮೊದಲ ಪಾಠಕ್ಕೆ ಗೆರಟೆಗಿಂತ ಅಗ್ಗದ, ಯೋಗ್ಯವಾದ ವಸ್ತು ಬೇರಿಲ್ಲ. ಚೆನ್ನಾಗಿ ಬಲಿತು ಒಣಗಿದ, ಕಣ್ಣುಗಳಿಲ್ಲದ ಅರ್ಧವನ್ನು ಆರಿಸಿಕೊಳ್ಳಿ. ಹೊರಗಿನ ನಾರನ್ನು ಚೂರಿಯಿಂದ ಕೆರೆಯಿರಿ. ಅಂಚಿಗೆ ಸಮನಾಗಿ ಪೆನ್ಸಿಲಿನ ಗೆರೆ ಎಳೆದು, ಗೆರಟೆಯನ್ನು ಬಟ್ಟೆ ಸುತ್ತಿ ವೈಸಿನಲ್ಲಿ ಮೆಲ್ಲಗೆ ಕಚ್ಚಿಸಿ. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಉಜ್ಜುವುದು ಅಪಾಯ.

ಮರಳುಕಾಗದದ ಉರುಳೆಯನ್ನು ಜೋಡಿಸಿ, ಸುಮಾರು 15,000 ಸುತ್ತುಗಳಲ್ಲಿ ಗೆರೆಯವರೆಗೆ ಅಂಚನ್ನು ತೇಯಿರಿ. ಉರುಳೆ ತಿರುಗುವ ದಿಕ್ಕಿಗೆ ಎದುರಾಗಿ ಯಂತ್ರವನ್ನು ಸರಿಸಬೇಕು. ಜೊತೆಯಲ್ಲೇ ಸರಿಸಿದರೆ ಅದು ಬಂಡಿಯ ಗಾಲಿಯಂತೆ ಅಂಚಿನ ಮೇಲೆ ಉರುಳಿ ಕೈತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ವೇಗವನ್ನು ತಗ್ಗಿಸಿ. ಅಂಚಿನ ಕೆಳಗೆ ಎದುರುಬದುರಾಗಿ ಎರಡು ರಂಧ್ರಗಳನ್ನು 3 ಮಿಲಿಮೀಟರ್ ಮೊನೆಯಿಂದ ಕಡಮೆ ವೇಗದಲ್ಲಿ ಕೊರೆದು, ಬಿದಿರಿನ ಹಿಡಿಗೆ ತಕ್ಕಂತೆ ಹಿಗ್ಗಿಸಿ. ಬಳಿಕ 80, 150, 240, 400ನೆಯ ಮರಳುಕಾಗದಗಳಿಂದ ಅನುಕ್ರಮವಾಗಿ ಕೈಯಲ್ಲೇ ಉಜ್ಜಿ, ಕೊಬ್ಬರಿಎಣ್ಣೆ ಸವರಿದರೆ ಗೆರಟೆ ಕರಿಮರದಂತೆ ಮಿನುಗುತ್ತದೆ. ಹಿಡಿಯನ್ನು ಬಿಗಿಯಾಗಿ ತೂರಿಸಿದರೆ ಸೌಟು ಸಿದ್ಧ.

ಈ ಪುಡಿ ಅತಿ ನುಣುಪು. ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮೂಗುಬಾಯಿಗಳಿಗೆ ಮುಸುಕು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಹೊರಗೆ ಕುಳಿತು ಕೆಲಸಮಾಡಿ. ಪಂಚೆಯ ಸೆರಗು, ದುಪಟ್ಟ, ಬಳೆ, ಬಿಚ್ಚಿದ ಕೂದಲು ತಿರುಗುವ ದಂಡಿನ ಬಳಿ ಸುಳಿಯಬಾರದು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತು ಯಂತ್ರವನ್ನು ಹಿಡಿಯಬೇಡಿ. ಕಡಲ ಗಾಳಿಯ ಉಪ್ಪು ಕಾಲೆಟ್ಟಿಗೆ ಬೇಗ ತುಕ್ಕು ಹಿಡಿಸುತ್ತದೆ. ಕೆಲಸ ಮುಗಿದೊಡನೆ ಧೂಳು ಒರಸಿ, ಎಣ್ಣೆಯ ಬಟ್ಟೆಯಿಂದ ಸವರಿಡಿ.

ಉಳಿಯ ಸ್ಥಾನ

ಹಾಗಾದರೆ ಉಳಿಯ ಕಾಲ ಮುಗಿಯಿತೆ? ಕುಮಟೆ, ಹೊನ್ನಾವರ, ಸಿರ್ಸಿ, ಸಾಗರ, ಸೊರಬಗಳ ಸೀಮೆಯಲ್ಲಿ ಶ್ರೀಗಂಧದ ಕೆತ್ತನೆಗೆ ಹೆಸರಾದವರು ಗುಡಿಗಾರರು. ಉಳಿ ಮರದ ಎಳೆಯನ್ನು ಅನುಸರಿಸಿ ನಯವಾದ ಚೂರನ್ನು ಎತ್ತುತ್ತದೆ. ಎಳೆ ಎತ್ತ ತಿರುಗಿತೆಂಬುದು ಕೈಗೆ ತಿಳಿಯುತ್ತದೆ. ತಿರುಗುವ ಮೊನೆಗಾದರೋ ಎಳೆಯ ಪರಿವೆಯಿಲ್ಲ. ಅದು ಎಲ್ಲವನ್ನೂ ಪುಡಿಮಾಡುತ್ತದೆ, ಕಾಯಿಸುತ್ತದೆ. ಗಂಧದ ಚೂರೂ ಪುಡಿಯೂ ಎಣ್ಣೆಯುಳ್ಳ ಬೆಲೆಬಾಳುವ ವಸ್ತುಗಳು. ಅವನ್ನು ಗಾಳಿಗೆ ತೂರುವುದು ನಷ್ಟವೇ ಸರಿ. ಒರಟು ಭಾಗವನ್ನು ತೆಗೆಯಲು, ಗಟ್ಟಿ ಗೆರಟೆಯನ್ನು ತೇಯಲು, ಲೋಹದ ತುಕ್ಕು ಕೀಳಲು ಯಂತ್ರ ಸಾಟಿಯಿಲ್ಲದ ಸಹಾಯಕ. ಭಟ್ಕಳದ ಖೇತಪೈ ನಾರಾಯಣ ದೇವಾಲಯದ ಗೋಡೆಯ ಮೇಲೆ 16ನೆಯ ಶತಮಾನದ ಶಿಲ್ಪಿಗಳು ಕೊರೆದ ಚಿತ್ರಗಳನ್ನು ಒಮ್ಮೆ ನೋಡಿಬನ್ನಿ. ಅವರಲ್ಲಿ ಮೋಟಾರಿರಲಿಲ್ಲ; ಎಲ್ಲಿ ನಿಲ್ಲಿಸಬೇಕೆಂಬ ಅರಿವಿತ್ತು. ಅದನ್ನು ಯಾವ ಯಂತ್ರದೊಡನೆಯೂ ಪೆಟ್ಟಿಗೆಯಲ್ಲಿ ಇಟ್ಟು ಮಾರುವುದಿಲ್ಲ. ಕೈ ಅದನ್ನು ಅಭ್ಯಾಸದಿಂದ ಗಳಿಸಬೇಕು.