ಗಡಸುಗೊಳಿಸಿದ ಬಾಲ್ ಜಾಯಿಂಟ್: ಯಾವುದು ಆವಿಷ್ಕಾರ, ಯಾವುದು ಕಾರ್ಯಾಗಾರದ ಸುಧಾರಣೆ?

ಸಣ್ಣ ಉತ್ಪಾದಕರು ಅರಿತಿರಬೇಕಾದ ಪೇಟೆಂಟ್ ಕಾನೂನಿನ ಒಂದು ಮುಖ್ಯ ಪ್ರಶ್ನೆ

ತುಂಗಭದ್ರಾ ಕಾಲುವೆಯ ನೀರುಣ್ಣುವ ಸಿರುಗುಪ್ಪ ತಾಲ್ಲೂಕಿನ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರಿನ ಬಾಳಿಕೆಯನ್ನು ನಿರ್ಧರಿಸುವುದು ಎಂಜಿನ್ ಒಂದೇ ಅಲ್ಲ. ಹಚ್ಚೊಳ್ಳಿಯಂತಹ ಊರುಗಳ ಗದ್ದೆಗಳಲ್ಲಿ ಕೆಸರು ಉಳುಮೆ ಮಾಡುವ ಟ್ರ್ಯಾಕ್ಟರಿನ ಟೈ ರಾಡ್ ತುದಿಯ ಬಾಲ್ ಜಾಯಿಂಟ್, ನೇಗಿಲು ಹೊರುವ ಲಿಂಕುಗಳ ಗುಂಡುಗಳು ಇವೇ ಮೊದಲು ಸವೆಯುವ ಭಾಗಗಳು. ರಬ್ಬರ್ ಬೂಟು ಒಮ್ಮೆ ಹರಿದರೆ ಸಾಕು, ಕೆಸರು ಮತ್ತು ಮರಳು ಒಳಸೇರಿ ಗುಂಡಿನ ಮೇಲ್ಮೈಯನ್ನು ಅರೆಯತೊಡಗುತ್ತವೆ. ಹೀಗಾಗಿ ಬಿಡಿಭಾಗಗಳನ್ನು ಮಾರುವ ಅಂಗಡಿಗಳಿಗೂ ಅವನ್ನು ತಯಾರಿಸುವ ಸಣ್ಣ ಕಾರ್ಯಾಗಾರಗಳಿಗೂ ಇದು ನಿತ್ಯದ ವ್ಯಾಪಾರ.

ಈ ವ್ಯಾಪಾರದಲ್ಲಿ ಎರಡು ಬಗೆಯ ಸಂದರ್ಭಗಳು ಎದುರಾಗಬಹುದು. ಉತ್ಪಾದಕನೊಬ್ಬ ಹೆಚ್ಚು ಬಾಳುವ ಗುಂಡೊಂದನ್ನು ತಯಾರಿಸಿ, ಅದಕ್ಕೆ ಪೇಟೆಂಟ್ ಪಡೆಯಬೇಕೆಂದು ಹಣ ಕೂಡಿಸಿಕೊಂಡಿರಬಹುದು. ಇಲ್ಲವೇ, ತಾನು ಹಲವು ವರ್ಷಗಳಿಂದ ಅನುಸರಿಸುತ್ತಿರುವ ಕ್ರಮಕ್ಕೆ ಬೇರೊಬ್ಬರು ಪೇಟೆಂಟ್ ಪಡೆದು, ತಯಾರಿಕೆ ನಿಲ್ಲಿಸಬೇಕೆಂದು ವಕೀಲರ ಮೂಲಕ ನೋಟೀಸು ಕಳುಹಿಸಬಹುದು. ಎರಡರಲ್ಲಿಯೂ ಉತ್ತರ ಹುಡುಕಬೇಕಾದ ಪ್ರಶ್ನೆ ಒಂದೇ: ಈ ಸುಧಾರಣೆಯು ಆ ಕಸುಬನ್ನು ಬಲ್ಲವನಿಗೆ ತಾನಾಗಿಯೇ ಹೊಳೆಯುವಂಥದೇ, ಅಲ್ಲವೇ?

ಕಾನೂನು ಹೇಳುವುದೇನು?

ಭಾರತದ ಪೇಟೆಂಟ್ ಅಧಿನಿಯಮ 1970ರ ಪ್ರಕಾರ ಪೇಟೆಂಟ್ ದೊರೆಯಲು ವಸ್ತು ಅಥವಾ ವಿಧಾನವು ಹೊಸದಾಗಿರಬೇಕು, ಕೈಗಾರಿಕೆಯಲ್ಲಿ ಬಳಕೆಯಾಗುವಂತಿರಬೇಕು ಮತ್ತು ಅದರಲ್ಲಿ ಆವಿಷ್ಕಾರದ ಹೆಜ್ಜೆ ಇರಬೇಕು. ಮೂರನೆಯ ಷರತ್ತೇ ಹೆಚ್ಚು ವಿವಾದಕ್ಕೆ ಎಡೆಮಾಡುವುದು. 2005ರ ತಿದ್ದುಪಡಿಯ ನಂತರ 2(1)(ಜೆಎ) ಕಲಮು ಅದನ್ನು ವಿವರಿಸುವ ರೀತಿ ಹೀಗಿದೆ: ಈಗಿರುವ ಜ್ಞಾನಕ್ಕೆ ಹೋಲಿಸಿದರೆ ತಾಂತ್ರಿಕ ಮುನ್ನಡೆ ಇರಬೇಕು, ಅಥವಾ ಆರ್ಥಿಕ ಮಹತ್ವವಿರಬೇಕು, ಅಥವಾ ಎರಡೂ ಇರಬೇಕು, ಮತ್ತು ಅದರಿಂದಾಗಿ ಆ ಆವಿಷ್ಕಾರವು ಆ ಕಸುಬಿನಲ್ಲಿ ಪರಿಣತನಾದವನಿಗೆ ಸಹಜವಾಗಿ ಹೊಳೆಯುವಂಥದಾಗಿರಬಾರದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸರಕು ಚೆನ್ನಾಗಿ ಮಾರಾಟವಾಗುತ್ತಿದೆ, ಹಣ ಉಳಿಸುತ್ತಿದೆ ಎಂಬುದಷ್ಟೇ ಸಾಲದು. ಆರ್ಥಿಕ ಮಹತ್ವವಿದ್ದರೂ ಪರಿಣತನಿಗೆ ಹೊಳೆಯುವಂಥದಾದರೆ ಪೇಟೆಂಟ್ ನಿಲ್ಲುವುದಿಲ್ಲ. ಇದರೊಡನೆ 3(ಎಫ್) ಕಲಮು, ಮೊದಲೇ ತಿಳಿದಿರುವ ಸಾಧನಗಳನ್ನು ಅವು ಒಂದಕ್ಕೊಂದು ಸಂಬಂಧವಿಲ್ಲದೆ ಕೆಲಸ ಮಾಡುವಂತೆ ಬರಿದೇ ಜೋಡಿಸಿಟ್ಟರೆ ಅದನ್ನು ಆವಿಷ್ಕಾರವೆಂದು ಪರಿಗಣಿಸುವುದಿಲ್ಲ.

ಮಿರ್ಜಾಪುರದ ಪಾತ್ರೆಗಳ ಮೊಕದ್ದಮೆ

ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳು ಇಂದಿಗೂ ಮೊದಲು ಉಲ್ಲೇಖಿಸುವ ತೀರ್ಪು ದೊಡ್ಡ ಔಷಧ ಕಂಪನಿಗಳದ್ದಲ್ಲ. ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ ಪಾತ್ರೆ ತಯಾರಿಸುತ್ತಿದ್ದ ಎರಡು ಸಂಸ್ಥೆಗಳದ್ದು. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನ ಆ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು 1978ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸರ್ಕಾರಿಯಾ.

ಮಿರ್ಜಾಪುರದಲ್ಲಿ ತಟ್ಟೆಗಳನ್ನು ಲೇತಿನ ಹೆಡ್‌ಸ್ಟಾಕಿಗೆ ಅಂಟಿನಿಂದ ಕೂಡಿಸಿ ಇಲ್ಲವೇ ಚಕ್ಕಿನಲ್ಲಿ ಹಿಡಿಸಿ, ಕೆರೆದು ಹೊಳಪು ಕೊಡುವುದು ರೂಢಿಯಾಗಿತ್ತು. ಹಿಂಬದಿಯಲ್ಲಿ ಆಧಾರವಿಲ್ಲದ ಕಾರಣ ತಿರುಗುವ ತಟ್ಟೆ ಒಮ್ಮೊಮ್ಮೆ ಕಳಚಿ ಹಾರಿ ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಹಿಂದೂಸ್ತಾನ್ ಮೆಟಲ್ ಸಂಸ್ಥೆಯು ಎದುರು ಬದಿಯಿಂದ ಒತ್ತಿ ಹಿಡಿಯುವ ವ್ಯವಸ್ಥೆಯನ್ನು ಅಳವಡಿಸಿ 1951ರ ಡಿಸೆಂಬರ್‌ನಿಂದ ಜಾರಿಗೆ ಬರುವಂತೆ ಪೇಟೆಂಟ್ ಪಡೆಯಿತು. ಅದೇ ಊರಿನ ಇನ್ನೊಂದು ಸಂಸ್ಥೆ ಅದೇ ರೀತಿ ಪಾತ್ರೆ ತಯಾರಿಸುತ್ತಿದೆಯೆಂದು ದಾವೆ ಹೂಡಿತು. ಎದುರುದಾರರು ಪೇಟೆಂಟನ್ನೇ ರದ್ದುಪಡಿಸುವಂತೆ ಕೋರಿದರು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟನ್ನು ರದ್ದುಪಡಿಸಿತು. ವಿಭಾಗೀಯ ಪೀಠ ಅದನ್ನು ಉಳಿಸಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯ ಮತ್ತೆ ರದ್ದುಪಡಿಸಿತು. ಇಷ್ಟಾಗುವ ಹೊತ್ತಿಗೆ ಕಾಲು ಶತಮಾನ ಕಳೆದಿತ್ತು.

ನ್ಯಾಯಾಲಯದ ತರ್ಕ ಸರಳವಾಗಿತ್ತು. ತಿರುಗುವ ವಸ್ತುವಿಗೆ ಲೇತಿನ ಎರಡೂ ಬದಿಯಿಂದ ಆಧಾರ ಕೊಡುವುದು ಟರ್ನರ್ ಕಸುಬಿನಲ್ಲಿ ಹಳೆಯ ಸಂಗತಿ. ಅದನ್ನು ಪಾತ್ರೆಗೆ ಅನ್ವಯಿಸಿದ್ದು ಅನುಕೂಲಕರವಾದ ಕಾರ್ಯಾಗಾರದ ಸುಧಾರಣೆಯೇ ಹೊರತು ಆವಿಷ್ಕಾರವಲ್ಲ. ಹಳೆಯ ಭಾಗಗಳ ಜೋಡಣೆಗೂ ಪೇಟೆಂಟ್ ಸಿಗಬಹುದು. ಆದರೆ ಅವು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡಿ ಹೊಸ ಫಲವನ್ನೋ ಉತ್ತಮಗೊಂಡ ಫಲವನ್ನೋ ಕೊಡಬೇಕು. ಅಳೆಯುವ ಮಾನದಂಡ, ಪೇಟೆಂಟಿನ ವಿಷಯ ತಿಳಿಯದ, ಆದರೆ ಕಸುಬಿನ ಸಾಮಾನ್ಯ ಜ್ಞಾನವುಳ್ಳ ಸಮರ್ಥ ಕುಶಲಕರ್ಮಿ. ಆ ಸಮಸ್ಯೆಯನ್ನು ಎದುರಿಸುತ್ತಿರುವ ಅವನ ಕೈಗೆ ಹಳೆಯ ದಾಖಲೆಯನ್ನು ಕೊಟ್ಟರೆ, ತನಗೆ ಬೇಕಾದದ್ದು ಇದರಲ್ಲಿದೆ ಎಂದು ಅವನು ಹೇಳುತ್ತಿದ್ದನೇ ಎಂಬುದೇ ಪರೀಕ್ಷೆ.

ಇದೇ ಜಾಡಿನ ಇನ್ನೊಂದು ಪ್ರಕರಣ ಹಿಮಾಚಲ ಪ್ರದೇಶದ್ದು. ಬೆಟ್ಟದ ರೈತರು ಬೆನ್ನ ಮೇಲೆ ಹೊರುವ ಬಿದಿರಿನ ಬುಟ್ಟಿಯಾದ ಕಿಲ್ಟಾವನ್ನು ಪ್ಲಾಸ್ಟಿಕ್ಕಿನಲ್ಲಿ ತಯಾರಿಸಿ ಪೇಟೆಂಟ್ ಪಡೆದವರು ನೀಲ್‌ಕಮಲ್ ಸಂಸ್ಥೆಯ ವಿರುದ್ಧ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಕೋರಿದ್ದರು. ಅಲ್ಲಿನ ಹೈಕೋರ್ಟು ಅದನ್ನು ನೀಡಲಿಲ್ಲ. ಬಿದಿರಿನ ಬದಲು ಪ್ಲಾಸ್ಟಿಕ್ ಬಳಸಿದ ಮಾತ್ರಕ್ಕೆ ಹಳೆಯ ಬುಟ್ಟಿ ಹೊಸ ಆವಿಷ್ಕಾರವಾಗದು ಎಂಬುದು ಅದರ ಸಾರ. ಲೋಹದ ವ್ಯವಹಾರದಲ್ಲಿರುವವರಿಗೆ ಇದರ ಸೂಚನೆ ಸ್ಪಷ್ಟ: ಒಂದು ಮಿಶ್ರಲೋಹದ ಬದಲು ಇನ್ನೊಂದನ್ನು ಬಳಸಿದೆನೆಂಬುದು ಸಾಮಾನ್ಯವಾಗಿ ಸಾಲದು.

ಗುಂಡಿನ ಗಡಸು: ಹಳೆಯ ವಿದ್ಯೆ

ಬಾಲ್ ಜಾಯಿಂಟಿನ ಗುಂಡಿಗೆ ಎರಡು ವಿರುದ್ಧ ಗುಣಗಳು ಬೇಕು. ಮೇಲ್ಮೈ ಸವೆಯದಷ್ಟು ಗಡಸಾಗಿರಬೇಕು. ಒಳತಿರುಳು ಮತ್ತು ಕುತ್ತಿಗೆ ಏಟು ಬಿದ್ದರೆ ಮುರಿಯದಷ್ಟು ಜಿಗುಟಾಗಿರಬೇಕು. ಇಡೀ ಭಾಗವನ್ನು ಗಡಸುಗೊಳಿಸಿದರೆ ಕುತ್ತಿಗೆ ಕಡಿದುಹೋಗುತ್ತದೆ. ಮೃದುವಾಗಿ ಬಿಟ್ಟರೆ ಗುಂಡು ಸವೆಯುತ್ತದೆ. ಆದ್ದರಿಂದಲೇ ಮೇಲ್ಮೈಯನ್ನಷ್ಟೇ ಗಡಸುಗೊಳಿಸುವ ಕ್ರಮ ಬಳಕೆಗೆ ಬಂದಿತು.

ಕಡಿಮೆ ಇಂಗಾಲದ ಉಕ್ಕನ್ನು 900 ರಿಂದ 950 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಂಗಾಲ ಹೀರುವಂತೆ ಮಾಡಿ ಎಣ್ಣೆಯಲ್ಲಿ ತಣಿಸುವುದು ಕೇಸ್ ಹಾರ್ಡನಿಂಗ್. ಮಧ್ಯಮ ಇಂಗಾಲದ ಉಕ್ಕಿನ ಮೇಲ್ಮೈಯನ್ನು ವಿದ್ಯುತ್ ಸುರುಳಿಯಿಂದ ಕ್ಷಣಮಾತ್ರ ಕಾಯಿಸಿ ತಣಿಸುವುದು ಇಂಡಕ್ಷನ್ ಹಾರ್ಡನಿಂಗ್. ಸುಮಾರು 500 ರಿಂದ 550 ಡಿಗ್ರಿಯಲ್ಲಿ ಅಮೋನಿಯಾ ಅನಿಲದಿಂದ ಸಾರಜನಕವನ್ನು ಸೇರಿಸುವುದು ನೈಟ್ರೈಡಿಂಗ್. ಜರ್ಮನಿಯಲ್ಲಿ ಅಡಾಲ್ಫ್ ಫ್ರೈ ಅವರು ಇದನ್ನು ರೂಪಿಸಿದ್ದು 1920ರ ದಶಕದಲ್ಲಿ. ಮರೆಯ ಹಿಂಡಿಯನ್ನು ಬಳಿದು ತಿರುಪಿನ ಭಾಗಕ್ಕೆ ಇಂಗಾಲ ತಗುಲದಂತೆ ಕಾಯುವುದೂ ಶಾಖಸಂಸ್ಕಾರದ ಘಟಕಗಳಿಗೆ ಹೊಸತಲ್ಲ.

ಹೀಗಿರುವಾಗ, ಸಾಧಾರಣ ಉಕ್ಕಿನ ಬದಲು ಕ್ರೋಮಿಯಂ-ಮಾಲಿಬ್ಡಿನಂ ಮಿಶ್ರಿತ ಉಕ್ಕನ್ನು ಆರಿಸಿ, ಇಂಡಕ್ಷನ್ ವಿಧಾನದಿಂದ ಗಡಸುಗೊಳಿಸಿ, ಗುಂಡು ಹೆಚ್ಚು ಕಾಲ ಬಾಳಿತೆಂದು ತೋರಿಸಿದರೆ ಅದಕ್ಕೆ ಪೇಟೆಂಟ್ ಸಿಗುವ ಸಂಭವ ಕಡಿಮೆ. ಬಾಳಿಕೆ ಹೆಚ್ಚುವುದು ಆ ಕಸುಬಿನ ಯಾರೇ ಆದರೂ ನಿರೀಕ್ಷಿಸುವ ಫಲ. ಆದರೆ ನಿರೀಕ್ಷೆಗೆ ವಿರುದ್ಧವಾದ ಫಲ ಕಂಡರೆ ಮಾತು ಬೇರೆ. ಗಡಸು ಹೆಚ್ಚಿದಷ್ಟೂ ಒಳಿತೆಂದು ಪುಸ್ತಕಗಳೆಲ್ಲ ಹೇಳುತ್ತಿರುವಾಗ, ಗುಂಡಿನ ಒಂದು ವಲಯವನ್ನು ಉದ್ದೇಶಪೂರ್ವಕವಾಗಿ ಕಡಿಮೆ ಗಡಸಾಗಿ ಉಳಿಸಿದ್ದರಿಂದ ಕೆಸರಿನಲ್ಲಿ ಅದು ಮತ್ತಷ್ಟು ಬಾಳಿತೆಂದು ಒಬ್ಬ ಉತ್ಪಾದಕ ಕಂಡುಕೊಂಡನೆಂದು ಭಾವಿಸೋಣ. ಅದರ ಕಾರಣವನ್ನು ವಿವರಿಸಿ, ಹೋಲಿಕೆಯ ಪರೀಕ್ಷೆಗಳ ಅಂಕಿಗಳನ್ನು ಒದಗಿಸಿದರೆ, ಕುಶಲಕರ್ಮಿಗೆ ಅದು ಹೊಳೆಯುತ್ತಿರಲಿಲ್ಲವೆಂದು ವಾದಿಸಲು ಗಟ್ಟಿ ನೆಲೆ ಸಿಗುತ್ತದೆ.

ಬೇರಿಂಗಿನಿಂದ ಸೊಂಟದ ಕೀಲಿಗೆ

ಈ ಗೆರೆ ಎಷ್ಟು ತೆಳುವೆಂಬುದಕ್ಕೆ ಮನುಷ್ಯನ ಸೊಂಟಕ್ಕೆ ಜೋಡಿಸುವ ಕೃತಕ ಕೀಲು ಒಳ್ಳೆಯ ನಿದರ್ಶನ. ಅದೂ ಒಂದು ಗುಂಡು ಮತ್ತು ಬಟ್ಟಲಿನ ಜೋಡಣೆಯೇ. ಜಿರ್ಕೋನಿಯಂ ಮಿಶ್ರಲೋಹವನ್ನು ಗಾಳಿಯಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸಿದರೆ ಲೋಹದ ಮೇಲ್ಮೈಯೇ ಆಮ್ಲಜನಕ ಹೀರಿ, ಕೆಲವೇ ಮೈಕ್ರಾನ್ ದಪ್ಪದ, ಪಿಂಗಾಣಿಯಂತೆ ಗಡಸಾದ ಕಪ್ಪು ಪದರವಾಗುತ್ತದೆ. ಇಂತಹ ಪದರವುಳ್ಳ ಕೃತಕ ಕೀಲಿಗೆ ಅಮೆರಿಕದಲ್ಲಿ ಡೇವಿಡ್‌ಸನ್ ಎಂಬವರ ಹೆಸರಿನಲ್ಲಿ 1991ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಜಿರ್ಕೋನಿಯಂ ಬೇರಿಂಗುಗಳಿಗೆ ಇಂತಹ ಪದರ ಬರಿಸುವ ವಿಧಾನಕ್ಕೆ ವಾಟ್ಸನ್ ಎಂಬವರು 1961ರಲ್ಲಿಯೇ ಪೇಟೆಂಟ್ ಪಡೆದಿದ್ದರು; ಡೇವಿಡ್‌ಸನ್ ಅವರ ವಿವರಣೆಯೇ ಅದನ್ನು ಹೆಸರಿಸುತ್ತದೆ.

ಹಾಗಾದರೆ ಬೇರಿಂಗಿಗೆ ಒಗ್ಗಿದ ಪದರ ಕೀಲಿಗೂ ಒಗ್ಗುವುದೆಂಬುದು ಸಹಜವಾಗಿ ಹೊಳೆಯುವ ಸಂಗತಿಯಲ್ಲವೇ? ಸವೆತ ತಡೆಯುವ ಗುಣ ಎರಡೂ ಕಡೆ ಒಂದೇ ಎಂದು ಎದುರುದಾರ ವಾದಿಸಬಹುದು. ದೇಹದೊಳಗಿನ ಉಪ್ಪುನೀರು, ಎದುರಿನ ಪ್ಲಾಸ್ಟಿಕ್ ಬಟ್ಟಲಿನ ಸವೆತ, ವರ್ಷಾನುಗಟ್ಟಲೆ ಹೊರುವ ಭಾರ ಇವೆಲ್ಲ ಬೇರಿಂಗಿನ ಸಮಸ್ಯೆಗಳಲ್ಲವೆಂದು ಪೇಟೆಂಟುದಾರ ಉತ್ತರಿಸಬಹುದು. ಹಳೆಯ ದಾಖಲೆ ಒಂದು ಕಸುಬಿನದು, ಹೊಸ ಸಮಸ್ಯೆ ಇನ್ನೊಂದು ಕಸುಬಿನದು ಎಂದಾಗ ವಾದಕ್ಕೆ ಎಡೆಯುಂಟು. ಎರಡೂ ಒಂದೇ ಕಸುಬಿನವಾದರೆ ಆ ಎಡೆ ಕಿರಿದಾಗುತ್ತದೆ.

ಮೋಟಾರು ಬಿಡಿಭಾಗಗಳ ಕ್ಷೇತ್ರದಲ್ಲಿ ಇದನ್ನು ತೋರಿಸಿದ್ದು ಅಮೆರಿಕದ ಸುಪ್ರೀಂ ಕೋರ್ಟು 2007ರಲ್ಲಿ ತೀರ್ಮಾನಿಸಿದ ಕೆಎಸ್‌ಆರ್ ಮತ್ತು ಟೆಲಿಫ್ಲೆಕ್ಸ್ ನಡುವಿನ ಮೊಕದ್ದಮೆ. ಹೊಂದಿಸಿಕೊಳ್ಳಬಹುದಾದ ಪೆಡಲಿಗೆ ಎಲೆಕ್ಟ್ರಾನಿಕ್ ಸೆನ್ಸರ್ ಜೋಡಿಸಿದ್ದಕ್ಕೆ ಪೇಟೆಂಟ್ ಪಡೆಯಲಾಗಿತ್ತು. ಪೆಡಲೂ ಹಳೆಯದು, ಸೆನ್ಸರೂ ಹಳೆಯದು. ಅವನ್ನು ಕೂಡಿಸುವಂತೆ ಮಾರುಕಟ್ಟೆಯೇ ಒತ್ತಾಯಿಸುತ್ತಿತ್ತು. ಪರಿಣತನೆಂದರೆ ಯಂತ್ರವಲ್ಲ, ಅವನಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆಂದು ಹೇಳಿ ನ್ಯಾಯಾಲಯ ಆ ಪೇಟೆಂಟನ್ನು ತಿರಸ್ಕರಿಸಿತು.

ಭಾರತದಲ್ಲಿ ರೋಶ್ ಮತ್ತು ಸಿಪ್ಲಾ ನಡುವಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2015ರಲ್ಲಿ ಪರಿಶೀಲನೆಯ ಕ್ರಮವನ್ನು ಹಂತಹಂತವಾಗಿ ಹೇಳಿದೆ. ಪರಿಣತನು ಯಾರೆಂದು ಗುರುತಿಸುವುದು. ಆವಿಷ್ಕಾರದ ತಿರುಳನ್ನು ಗುರುತಿಸುವುದು. ಅರ್ಜಿಯ ಆದ್ಯತಾ ದಿನಾಂಕದಂದು ಅವನಿಗಿದ್ದ ಸಾಮಾನ್ಯ ಜ್ಞಾನವನ್ನು ನಿರ್ಧರಿಸುವುದು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಪಟ್ಟಿ ಮಾಡುವುದು. ಕೊನೆಗೆ, ಫಲ ತಿಳಿದ ಮೇಲೆ ಹಿಂದಿರುಗಿ ನೋಡುವ ದೋಷಕ್ಕೆ ಒಳಗಾಗದೆ, ಆ ವ್ಯತ್ಯಾಸ ಅವನಿಗೆ ಹೊಳೆಯುತ್ತಿತ್ತೇ ಎಂದು ತೀರ್ಮಾನಿಸುವುದು. ಉತ್ತರ ಕಂಡ ಮೇಲೆ ಎಲ್ಲ ಒಗಟೂ ಸುಲಭವೆಂಬ ಮಾತನ್ನು ನ್ಯಾಯಾಲಯಗಳೂ ನೆನಪಿಡುತ್ತವೆ.

ಸದಸ್ಯರು ಮಾಡಬೇಕಾದದ್ದು

ಪೇಟೆಂಟ್ ಕೋರುವವರು ಮೊದಲು ಪೇಟೆಂಟ್ ಕಚೇರಿಯ ಉಚಿತ ಹುಡುಕಾಟ ವ್ಯವಸ್ಥೆಯಲ್ಲಿ ಹಳೆಯ ಅರ್ಜಿಗಳನ್ನು ನೋಡಬೇಕು. ಅರ್ಜಿ ಸಲ್ಲಿಸುವ ಮುನ್ನ ಸರಕನ್ನು ಮಾರುವುದಾಗಲಿ ಕೈಪಿಡಿಯಲ್ಲಿ ಅಚ್ಚು ಹಾಕಿಸುವುದಾಗಲಿ ಸಲ್ಲದು; ತಮ್ಮದೇ ಮಾರಾಟ ತಮಗೇ ಮುಳುವಾಗಬಹುದು. ತಾತ್ಕಾಲಿಕ ವಿವರಣೆ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡುವ ಅವಕಾಶವಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಸಣ್ಣ ಉದ್ಯಮಗಳಿಗೆ ಶುಲ್ಕದಲ್ಲಿ ಭಾರಿ ರಿಯಾಯಿತಿ ಇದೆ. ವಸ್ತುವಿನ ಹೊರ ಆಕಾರ ಮಾತ್ರ ಹೊಸತಾಗಿದ್ದರೆ ವಿನ್ಯಾಸ ಅಧಿನಿಯಮ 2000ರಡಿ ನೋಂದಣಿಯೇ ಸೂಕ್ತ. ಅದರ ರಕ್ಷಣೆ 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು.

ನೋಟೀಸು ಪಡೆದವರು ಗಾಬರಿಗೊಂಡು ಕಾರ್ಖಾನೆಯ ಬಾಗಿಲು ಹಾಕಬೇಕಾಗಿಲ್ಲ; ನೋಟೀಸನ್ನು ಕಸದ ಬುಟ್ಟಿಗೆ ಹಾಕುವುದೂ ತರವಲ್ಲ. ಪೇಟೆಂಟ್ ಮಂಜೂರಾದ ಮಾತ್ರಕ್ಕೆ ಅದು ಸಿಂಧುವೆಂಬ ಖಾತರಿಯನ್ನು ಕಾನೂನು ಕೊಡುವುದಿಲ್ಲ. ಪ್ರಕಟವಾದ ಅರ್ಜಿಗೆ ಮಂಜೂರಾತಿಗೆ ಮುನ್ನ ಯಾರು ಬೇಕಾದರೂ 25(1) ಕಲಮಿನಡಿ ವಿರೋಧ ಸಲ್ಲಿಸಬಹುದು. ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ ಹಿತಾಸಕ್ತರು 25(2)ರಡಿ ವಿರೋಧಿಸಬಹುದು. ಅನಂತರವೂ 64ನೇ ಕಲಮಿನಡಿ ಹೈಕೋರ್ಟಿನಲ್ಲಿ ರದ್ದತಿ ಕೋರಬಹುದು. ದಾವೆ ಹೂಡಿದ್ದರೆ ಅದೇ ಕಾರಣಗಳನ್ನು ಪ್ರತಿವಾದವಾಗಿ ಒಡ್ಡಬಹುದು. ಆಧಾರವಿಲ್ಲದೆ ಬೆದರಿಸುವವರ ವಿರುದ್ಧ 106ನೇ ಕಲಮಿನಲ್ಲಿ ಪರಿಹಾರವಿದೆ.

ಇವೆಲ್ಲಕ್ಕೂ ಬೇಕಾದದ್ದು ಸಾಕ್ಷ್ಯ. ಹೊಳೆಯುವಂಥದೆಂದು ರುಜುವಾತು ಮಾಡುವ ಹೊಣೆ ಹಾಗೆ ಹೇಳುವವನದು. ಆದ್ಯತಾ ದಿನಾಂಕಕ್ಕಿಂತ ಹಿಂದಿನ ಮಾರಾಟದ ಬಿಲ್ಲುಗಳು, ದಿನಾಂಕ ಹಾಕಿದ ನಕ್ಷೆಗಳು, ಶಾಖಸಂಸ್ಕಾರ ಘಟಕದ ಚಲನ್‌ಗಳು, ಗಡಸು ಪರೀಕ್ಷೆಯ ವರದಿಗಳು, ಹಳೆಯ ಕೈಪಿಡಿಗಳು ಇವು ವಕೀಲರ ವಾದಕ್ಕಿಂತ ಹೆಚ್ಚು ತೂಗುತ್ತವೆ. ತೆರಿಗೆಯ ಲೆಕ್ಕ ಮುಗಿಯಿತೆಂದು ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ರೂಢಿಯನ್ನು ಉತ್ಪಾದಕರು ಬಿಡಬೇಕು. ಕಾರ್ಯಾಗಾರದ ಜಾಣ್ಮೆ ಎಲ್ಲರ ಸೊತ್ತಾಗಿ ಉಳಿಯಬೇಕಾದರೆ ಅದು ಎಂದಿನಿಂದ ಬಳಕೆಯಲ್ಲಿದೆಯೆಂದು ತೋರಿಸುವ ಕಾಗದವೂ ಕಾರ್ಯಾಗಾರದಲ್ಲಿ ಉಳಿದಿರಬೇಕು.