ದೋಣಿಗೆ ದಾರಿ ಬಿಡುವ ಸೇತುವೆ

ತೂಗುಸೇತುವೆ ನಮಗೆ ಹೊಸತಲ್ಲ. ಮಲೆನಾಡು, ಕರಾವಳಿಯ ಹೊಳೆಗಳ ಮೇಲೆ ಅವನ್ನು ಕಂಡಿದ್ದೇವೆ, ಎದೆ ಹಿಡಿದುಕೊಂಡು ದಾಟಿಯೂ ಇದ್ದೇವೆ. ಆದರೆ ತಿರುಗುಸೇತುವೆ? ದೋಣಿ ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಅದು ಹೋದ ಮೇಲೆ ಮತ್ತೆ ಅಡ್ಡ ಬಂದು ನಿಲ್ಲುವ ಸೇತುವೆ ಅದು.

ಅಂಥದ್ದೊಂದು ನ್ಯೂಯಾರ್ಕ್ ನಗರದಲ್ಲಿದೆ. ಮ್ಯಾನ್‌ಹ್ಯಾಟನ್ ದ್ವೀಪದ ಉತ್ತರ ತುದಿಯಲ್ಲಿ ಸ್ಪೈಟನ್ ಡೈವಿಲ್ ಎಂಬ ತೊರೆ ಹಡ್ಸನ್ ನದಿಯನ್ನು ಕೂಡುವ ಜಾಗ. ಹೆಸರು ಡಚ್ಚರು ಇಟ್ಟದ್ದು. ಅದರ ಕೊನೆಯ ಪದಕ್ಕೆ ದೆವ್ವವೆಂದೇ ಅರ್ಥ! 1849ರಲ್ಲೇ ಇಲ್ಲಿ ರೈಲಿಗಾಗಿ ಮರದ ಸೇತುವೆಯಿತ್ತು. ಈಗಿರುವ ಉಕ್ಕಿನ ಸೇತುವೆ 1900ರದು.

ಇದು ಕೆಲಸ ಮಾಡುವ ಬಗೆ ಸರಳ. ರಾಗಿ ಬೀಸುವ ಕಲ್ಲು ಗೂಟದ ಸುತ್ತ ತಿರುಗುವುದನ್ನು ನೆನೆಯಿರಿ. ನೀರಿನ ನಡುವೆ ಒಂದು ಕಂಬ; ಅದರ ಮೇಲೆ 290 ಅಡಿ ಉದ್ದದ, ಸುಮಾರು 200 ಟನ್ ತೂಕದ ಉಕ್ಕಿನ ಚೌಕಟ್ಟು. ಎರಡೂ ತೋಳುಗಳ ಭಾರ ಸಮವಾಗಿರುವುದರಿಂದ ತಿರುಗಿಸಲು ದೊಡ್ಡ ಶಕ್ತಿ ಬೇಕಿಲ್ಲ. ಮೋಟಾರು, ಹಲ್ಲುಚಕ್ರಗಳು ಸಾಕು. ಕಷ್ಟವಿರುವುದು ಮರಳಿ ಮುಚ್ಚುವಾಗ. ಹಳಿಗಳ ತುದಿಗಳು ಕೂದಲೆಳೆಯಷ್ಟೂ ತಪ್ಪದೆ ಎದುರುಬದುರಾಗಬೇಕು, ಚಿಲಕ ಬೀಳಬೇಕು. ಅಲ್ಲಿಯವರೆಗೆ ರೈಲಿಗೆ ಹಸಿರು ದೀಪವಿಲ್ಲ. ತೆರೆದು ಕೆಟ್ಟರೆ ರೈಲು ನಿಂತಿತು, ಮುಚ್ಚಿ ಕೆಟ್ಟರೆ ದೋಣಿ ನಿಂತಿತು. ಸಾಮಾನ್ಯ ಸೇತುವೆಗಿಲ್ಲದ ತೊಂದರೆಯಿದು.

ಅದಕ್ಕೆ ಅನುಭವವೂ ಇದೆ. 1982ರಲ್ಲಿ ರೈಲುಗಳು ನಿಂತವು. ಮರುವರ್ಷ ಹಡಗೊಂದು ಬಡಿದು, ಸೇತುವೆ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತು. ರೈಲೇ ಇಲ್ಲದ ಮೇಲೆ ಮುಚ್ಚುವ ಅವಸರ ಯಾರಿಗೆ? ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತು. ಕಿತ್ತು ಗುಜರಿಗೆ ಹಾಕಿದ್ದರೂ ಕೇಳುವವರಿರಲಿಲ್ಲವೇನೋ. ಆದರೆ ಆಲ್ಬನಿ ಕಡೆಯ ರೈಲುಗಳನ್ನು ಪೆನ್ ನಿಲ್ದಾಣಕ್ಕೆ ತರಲು ಆಮ್‌ಟ್ರಾಕ್ ಸಂಸ್ಥೆಗೆ ಈ ದಾರಿಯೇ ಬೇಕಾಯಿತು. ದುರಸ್ತಿಯಾಗಿ 1991ರ ಏಪ್ರಿಲ್‌ನಲ್ಲಿ ಮತ್ತೆ ರೈಲು ಓಡಿತು.

ಸೇತುವೆ ನೀರಿನಿಂದ ಬರೀ ಐದಡಿ ಮೇಲಿದೆ. ಹಡ್ಸನ್ ನದಿಯ ಈ ಭಾಗಕ್ಕೆ ಸಮುದ್ರದ ಉಬ್ಬರವಿಳಿತ ತಟ್ಟುತ್ತದೆ, ಉಪ್ಪುನೀರೂ ಬರುತ್ತದೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಸಮುದ್ರವೇ ನುಗ್ಗಿ ಬಂದಾಗ ಯಂತ್ರ, ವಿದ್ಯುತ್ ಸಲಕರಣೆಗಳು ಹಾಳಾದವು. ಉಕ್ಕು ತುಕ್ಕನ್ನು ಹಲವು ವರ್ಷ ತಡೆದೀತು. ಮೋಟಾರು, ತಂತಿಗಳು ತಡೆಯುವುದಿಲ್ಲ. 2018ರ ಬೇಸಿಗೆಯಲ್ಲಿ ದೈತ್ಯ ತೇಲುಕ್ರೇನ್ ತಂದು ಚೌಕಟ್ಟನ್ನೇ ಎತ್ತಿ ತೆಗೆದು ರಿಪೇರಿ ಮಾಡಿದರು. ರೈಲುಗಳು ಆ ಬೇಸಿಗೆಯುದ್ದಕ್ಕೂ ಬೇರೆ ನಿಲ್ದಾಣಕ್ಕೆ ಹೋದವು.

ಬಿಸಿಲೂ ಶತ್ರುವೇ. ಇದೇ ನೀರದಾರಿಯಲ್ಲಿ ತುಸು ಕೆಳಗಿರುವ ಥರ್ಡ್ ಅವೆನ್ಯೂ ತಿರುಗುಸೇತುವೆ 2024ರ ಜುಲೈ ಸೆಕೆಗೆ ಹಿಗ್ಗಿ, ತೆರೆದದ್ದು ಮುಚ್ಚಲಾರದೆ ನಿಂತಿತು. ಕಾದ ಲೋಹ ಹಿಗ್ಗುತ್ತದೆಂದು ಶಾಲೆಯಲ್ಲಿ ಓದಿದ ಪಾಠವೇ! ಅಗ್ನಿಶಾಮಕ ದೋಣಿಗಳು ನೀರು ಚಿಮ್ಮಿಸಿ ತಣಿಸಬೇಕಾಯಿತು.

ಹಾಗಾದರೆ ಸೇತುವೆಯನ್ನು ಎತ್ತರಿಸಬಾರದೇ? ಪಕ್ಕದಲ್ಲೇ ಮೋಟಾರು ವಾಹನಗಳಿಗಾಗಿ 1936ರಲ್ಲಿ ಕಟ್ಟಿದ ಕಮಾನು ಸೇತುವೆ ನೀರಿನಿಂದ ನೂರಡಿಗೂ ಮೇಲಿದೆ, ಯಾವ ದೋಣಿಗೂ ಅಡ್ಡಿಯಿಲ್ಲ. ಆದರೆ ಕಾರು ಏರುವ ಏರನ್ನು ರೈಲು ಏರಲಾರದು. ಸೇತುವೆ ಎತ್ತರಿಸಿದರೆ ನದಿಯ ದಂಡೆಗುಂಟ ಬರುವ ಹಳಿಗಳನ್ನೂ ಎಷ್ಟೋ ದೂರದಿಂದಲೇ ಏರಿಸುತ್ತ ಬರಬೇಕು. ನ್ಯೂಯಾರ್ಕ್ ಬಂದರಿನಲ್ಲಿ ಕಡಲಮಟ್ಟವಂತೂ 1900ರಿಂದೀಚೆಗೆ ಸುಮಾರು ಒಂದಡಿ ಏರಿದೆ.