ಗೋಕಾಕ ಗಿರಣಿ ಮತ್ತು ಯುದ್ಧಕಾಲದ ಹತ್ತಿ ಸುಂಕ

ಯುದ್ಧಕಾಲದ ಹತ್ತಿ ಸುಂಕ ಎಂಬುದು ಮೊದಲನೆಯ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟಿಷ್ ಭಾರತ ಸರ್ಕಾರವು ಆಮದು ಹತ್ತಿಬಟ್ಟೆಯ ಮೇಲಿನ ಸುಂಕವನ್ನು ಶೇ. 3.5ರಿಂದ ಶೇ. 7.5ಕ್ಕೆ ಏರಿಸಿದ ಕ್ರಮವಾಗಿದೆ. ಯುದ್ಧವೆಚ್ಚಕ್ಕೆ ಹಣ ಕೂಡಿಸುವುದು ಇದರ ಉದ್ದೇಶವಾಗಿತ್ತು. ಭಾರತೀಯ ನೇಯ್ಗೆ ಗಿರಣಿಗಳಿಗೆ ಇದರಿಂದ ಒಂದಿಷ್ಟು ರಕ್ಷಣೆಯೂ ದೊರೆಯಿತು, ನೂಲಿಗೆ ದೊರೆಯಲಿಲ್ಲ. ಹೀಗಾಗಿ ಮುಖ್ಯವಾಗಿ ನೂಲು ತೆಗೆಯುತ್ತಿದ್ದ ಗೋಕಾಕದ ಗಿರಣಿ ಈ ನೀತಿಯ ಅಂಚಿನಲ್ಲಿಯೇ ಉಳಿಯಿತು.

== ಹಿನ್ನೆಲೆ ==

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಪ್ರದೇಶಗಳು ಆಗ ಬೆಳಗಾವಿ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹುಕ್ಕೇರಿ ಸೀಮೆಯನ್ನು ದಾಟಿ ಬರುವ ಘಟಪ್ರಭಾ ನದಿಯು ಗೋಕಾಕದ ಬಳಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಈ ನೀರಿನ ಬಲದಿಂದ ಯಂತ್ರ ನಡೆಸಲು 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸ್ಥಾಪನೆಯಾಯಿತು.

1894ರಲ್ಲಿ ಸರ್ಕಾರವು ಆಮದು ಬಟ್ಟೆ ಹಾಗೂ ನೂಲಿನ ಮೇಲೆ ಶೇ. 5 ಸುಂಕ ವಿಧಿಸಿತು. ಇದರಿಂದ ಲ್ಯಾಂಕಶೈರಿನ ಗಿರಣಿಗಳಿಗೆ ನಷ್ಟವಾಗಬಾರದೆಂದು, ಭಾರತದಲ್ಲಿ ತಯಾರಾಗುವ 20 ನಂಬರಿಗಿಂತ ನಯವಾದ ನೂಲಿನ ಮೇಲೂ ಅಷ್ಟೇ ಅಬಕಾರಿ ಸುಂಕ ಹೇರಿತು. 1896ರಲ್ಲಿ ನೂಲು ಎರಡೂ ಸುಂಕಗಳಿಂದ ಮುಕ್ತವಾಯಿತು. ಆಮದು ಬಟ್ಟೆಗೂ ದೇಶೀ ಗಿರಣಿಯ ಬಟ್ಟೆಗೂ ತಲಾ ಶೇ. 3.5 ನಿಗದಿಯಾಯಿತು. ಕೈಮಗ್ಗದ ಬಟ್ಟೆಗೆ ಅಬಕಾರಿ ಇರಲಿಲ್ಲ. ಸ್ವದೇಶೀ ಚಳವಳಿಗಾರರು ಈ ಅಬಕಾರಿಯನ್ನು ಅನ್ಯಾಯದ ತೆರಿಗೆಯೆಂದೇ ಖಂಡಿಸುತ್ತಿದ್ದರು.

== 1917ರ ನಿರ್ಧಾರ ==

ಬ್ರಿಟನ್ನಿನ ಯುದ್ಧವೆಚ್ಚಕ್ಕೆ ಭಾರತದಿಂದ 10 ಕೋಟಿ ಪೌಂಡ್ ನೀಡಲು ಒಪ್ಪಿದಾಗ ಹೊಸ ಆದಾಯ ಅಗತ್ಯವಾಯಿತು. ಸರ್ಕಾರವು ಆಮದು ಸುಂಕವನ್ನು ಏರಿಸಿ ಅಬಕಾರಿಯನ್ನು ಶೇ. 3.5ರಲ್ಲಿಯೇ ಬಿಟ್ಟಿತು. ಲ್ಯಾಂಕಶೈರ್ ಬಲವಾಗಿ ಪ್ರತಿಭಟಿಸಿತಾದರೂ ಭಾರತ ಮಂತ್ರಿ ಆಸ್ಟೆನ್ ಚೇಂಬರ್ಲೇನ್ ನಿರ್ಧಾರವನ್ನು ಸಮರ್ಥಿಸಿದರು. ದೇಶೀ ಗಿರಣಿಯ ಬಟ್ಟೆಗೆ ಹೀಗೆ ಶೇ. 4ರ ಅಂತರ ದೊರೆಯಿತು.

ಆಮದು ನೂಲು ಮಾತ್ರ ಸುಂಕವಿಲ್ಲದೆ ಬರುವುದು ಮುಂದುವರಿಯಿತು. ಆದರೆ ಸುಂಕ ಮಾಡದ ಕೆಲಸವನ್ನು ಹಡಗುಗಳ ಕೊರತೆ ಮಾಡಿತು: ಯುದ್ಧದಿಂದ ಸಾಗಣೆ ಕುಸಿದು, ಹೊರಗಿನ ನೂಲು ಕಡಿಮೆಯಾಗಿ, ಬೆಲೆ ಏರಿತು. ಇದು ಗಿರಣಿಗಳಿಗೆ ಅನುಕೂಲವಾದರೂ, ನೂಲನ್ನು ಕೊಂಡೇ ನೇಯಬೇಕಾದ ಕೈಮಗ್ಗದ ನೇಕಾರರಿಗೆ ಹೊರೆಯಾಯಿತು. ಆಮದು ನೂಲಿನ ಮೇಲೆ ಮತ್ತೆ ಶೇ. 5 ಸುಂಕ ಬಂದದ್ದು 1922ರಲ್ಲಿ. ಬಟ್ಟೆಯ ಅಬಕಾರಿಯನ್ನು 1925ರ ಡಿಸೆಂಬರಿನಲ್ಲಿ ತಡೆಹಿಡಿದು, 1926ರಲ್ಲಿ ರದ್ದುಪಡಿಸಲಾಯಿತು.

== ರಫ್ತು ==

ರಫ್ತಿನ ವಿಷಯದಲ್ಲಿ ಸರ್ಕಾರದ ನೆರವು ಅತ್ಯಲ್ಪ. ಜರ್ಮನಿ ಮತ್ತು ಆಸ್ಟ್ರಿಯಾ ಶತ್ರುದೇಶಗಳಾದುದರಿಂದ 1914ರಲ್ಲಿ ಆ ಕಡೆಯ ಕಚ್ಚಾ ಹತ್ತಿ ಮಾರುಕಟ್ಟೆ ಮುಚ್ಚಿತು. ಭಾರತೀಯ ನೂಲಿಗೆ ದೊಡ್ಡ ಗಿರಾಕಿಯಾಗಿದ್ದ ಚೀನಾದಲ್ಲಿ ಜಪಾನಿನ ಗಿರಣಿಗಳು ನೆಲೆಯೂರಿದವು.

ಎರಡನೆಯ ಮಹಾಯುದ್ಧದಲ್ಲಿ ಚಿತ್ರ ಬದಲಾಯಿತು. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕಿಳಿದಾಗ ಗಿಡ್ಡ ಎಳೆಯ ಹತ್ತಿಗೆ ಮುಖ್ಯ ಮಾರುಕಟ್ಟೆಯೇ ಇಲ್ಲವಾಯಿತು. 1942ರಲ್ಲಿ ಸರ್ಕಾರ ಆಮದು ಕಚ್ಚಾ ಹತ್ತಿಯ ಮೇಲೆ ಹೆಚ್ಚುವರಿ ಸುಂಕ ವಿಧಿಸಿ, ಅದರ ಹಣವನ್ನು ಇಂಥ ಹತ್ತಿ ಬೆಳೆದ ರೈತರ ನೆರವಿನ ನಿಧಿಗೆ ಮೀಸಲಿಟ್ಟಿತು. 1943ರ ಹತ್ತಿಬಟ್ಟೆ ಮತ್ತು ನೂಲು ನಿಯಂತ್ರಣ ಆಜ್ಞೆಯೊಡನೆ ನೂಲಿನ ಬೆಲೆಯೂ ಸರ್ಕಾರದ ಹತೋಟಿಗೆ ಬಂದಿತು.